ಮಗ್ಗದ ಮನೆಯ ಹಾರ್ಡ್ ಡಿಸ್ಕ್

ಮಧುಗಿರಿಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಲೋಹಿತಾಳ ಕಂಪ್ಯೂಟರ್ ರಿಪೇರಿ ಅಂಗಡಿ. ಅಂಗಡಿಗೆ ಬಂದವರು ಮೊದಲು ಒಳಗೆ ಇಣುಕುತ್ತಾರೆ, ಮೇಜಿನ ಹಿಂದೆ ಸ್ಕ್ರೂಡ್ರೈವರ್ ಹಿಡಿದು ಕೂತವಳನ್ನು ನೋಡುತ್ತಾರೆ, ಆಮೇಲೆ "ಯಾರೂ ಇಲ್ವೇನಮ್ಮಾ?" ಎಂದು ಕೇಳುತ್ತಾರೆ. "ನಾನೇ ಇರೋದು, ಏನಾಗೈತೆ ಹೇಳಿ" ಎನ್ನುತ್ತಾಳೆ ಅವಳು. ನಲವತ್ತು ದಾಟಿದ ಹೆಂಗಸು ಕಂಪ್ಯೂಟರ್ ಬಿಚ್ಚಿ ಕೂಡಿಸುತ್ತಾಳೆ ಎಂಬುದನ್ನು ಊರು ಇನ್ನೂ ಪೂರ್ತಿ ನಂಬಿಲ್ಲ. ಅವಳೂ ನಂಬಿಸಲು ಹೋಗುವುದಿಲ್ಲ.

ಅವಳ ತಂದೆ ಮರುಳಸಿದ್ದಯ್ಯ ಅದೇ ಮಳಿಗೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದರು. ಬೆಳಕು ಹರಿಯುವ ಮೊದಲೇ ಟೈಪ್‌ರೈಟರುಗಳ ಸದ್ದು ಶುರುವಾಗುತ್ತಿತ್ತು, ಓಣಿಯ ನಾಯಿಗಳೂ ಅದಕ್ಕೆ ಒಗ್ಗಿಹೋಗಿದ್ದವು. ಟೈಪ್‌ರೈಟರನ್ನು ಕೇಳುವವರಿಲ್ಲವಾದಾಗ ಮಗಳು ಹಟ ಹಿಡಿದು ಕಂಪ್ಯೂಟರ್ ತರಿಸಿದಳು. ಕೆಲವು ವರ್ಷ ಕಲಿಯುವವರು ಸಾಲುಗಟ್ಟಿದರು. ಎಲ್ಲರ ಕೈಗೂ ಫೋನು ಬಂದ ಮೇಲೆ ಅವರೂ ಕರಗಿದರು. ಆಗ ಅವಳು ಕೆಟ್ಟುಹೋದದ್ದನ್ನು ಬಿಚ್ಚಿ ನೋಡುವ ಕೆಲಸಕ್ಕೆ ಕೂತಳು. ಗಂಡು ನೋಡುವ ಓಡಾಟ ಕೊರಟಗೆರೆ ಕಡೆ ಒಂದು ಸಲ, ತಿಪಟೂರು ಕಡೆ ಒಂದು ಸಲ ನಡೆದು, ತಂದೆಗೆ ಲಕ್ವ ಹೊಡೆದ ವರ್ಷ ನಿಂತಿತು. ಅದನ್ನು ಮತ್ತೆ ಶುರುಮಾಡಲು ಯಾರಿಗೂ ನೆನಪಾಗಲಿಲ್ಲ. ತಂದೆ ಹೋದರು, ಅವರ ಹಿಂದೆ ಕೆಲವು ವರ್ಷಕ್ಕೆ ತಾಯಿ ಇಂದ್ರಮ್ಮನೂ ಹೋದರು. ಅಣ್ಣ ಮಲ್ಲೇಶ್ ಸಿರಾದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಹಬ್ಬಕ್ಕೆ ಫೋನ್ ಮಾಡುತ್ತಾನೆ.

ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಈಗ ಲೋಹಿತಾ ಒಬ್ಬಳೇ. ವಾರದ ದಿನಗಳು ಹೇಗೋ ಸಾಗುತ್ತವೆ, ಯಾರಾದರೂ ಬರುತ್ತಾರೆ, ಪ್ರಿಂಟರ್ ಕಾಗದ ಕಚ್ಚಿಕೊಂಡಿತು ಎನ್ನುತ್ತಾರೆ. ಭಾನುವಾರ ಕಷ್ಟ. ಬೆಳಗಿನಿಂದ ಒಂದು ಮಾತೂ ಆಡದೆ ಸಂಜೆ ಹಾಲಿನವನ ಹತ್ತಿರ "ಅರ್ಧ ಲೀಟರ್" ಅನ್ನಲು ಬಾಯಿ ತೆರೆದರೆ ಗಂಟಲು ಕಟ್ಟಿರುತ್ತದೆ, ಒಂದು ಸಲ ಕೆಮ್ಮಿ ಮಾತಾಡಬೇಕಾಗುತ್ತದೆ. ಹಾಲಿನವನು "ನೆಗಡಿಯಾ ಅಕ್ಕಾ?" ಎಂದರೆ ಹೌದು ಎನ್ನುತ್ತಾಳೆ.

ಹೋದ ವರ್ಷ ಮೇ ತಿಂಗಳ ಕೊನೆಗೆ, ಪಾವಗಡದಲ್ಲಿ ಕಂಪ್ಯೂಟರ್ ಸಾಮಾನು ಮಾರುವ ಭೀಮರಾಜು ಫೋನ್ ಮಾಡಿದ. ಬಿಡಿಭಾಗ ಬೇಕಾದಾಗಲೆಲ್ಲ ಅವಳು ತರಿಸಿಕೊಳ್ಳುವುದು ಅವನಿಂದಲೇ.

"ಮೇಡಂ, ವೈ.ಎನ್.ಹೊಸಕೋಟೆಗೆ ಹೋಗಿ ಬರ್ತೀರಾ? ನೇಯ್ಗೆಯೋರ ಮನೆ. ಸೀರೆ ಡಿಸೈನ್ ಮಾಡೋ ಸಿಸ್ಟಮ್ಮು. ಹೊಸಾ ವಿಂಡೋಸ್ ಹಾಕ್ಬೇಕಂತೆ. ನಮ್ಮ ಹುಡುಗ ಹೋಗಿದ್ದ, ಫಾರ್ಮ್ಯಾಟೇ ಆಗ್ತಿಲ್ಲ ಅಂತ ವಾಪಸ್ ಬಂದ್ಬುಟ್ಟ."

"ಇಲ್ಲಿಗೇ ಕಳಿಸ್ಬುಡಿ, ನೋಡ್ತೀನಿ."

"ಆಗಲ್ಲ ಮೇಡಂ. ಅದನ್ನ ಮಗ್ಗಕ್ಕೆ ಜೋಡ್ಸವ್ರೆ. ಅಲ್ಲೇ ಆಗ್ಬೇಕು."

ಬ್ಯಾಗಿಗೆ ಪೆನ್‌ಡ್ರೈವ್, ಒಂದಿಷ್ಟು ಕೇಬಲ್, ಟಾರ್ಚು ಹಾಕಿಕೊಂಡು ಬೆಳಗಿನ ಬಸ್ ಹತ್ತಿದಳು. ಮಿಡಿಗೇಶಿ ದಾಟಿ ಪಾವಗಡದಲ್ಲಿ ಇಳಿದು, ಇನ್ನೊಂದು ಬಸ್ ಹಿಡಿದು ಹೊಸಕೋಟೆ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಮಗ್ಗದ ಸದ್ದು ಓಣಿಯ ಬಾಯಿಗೇ ಕೇಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದ ದಪ್ಪನೆಯ, ಬಿಳಿ ಕೂದಲಿನ ಹೆಂಗಸು ಅವಳ ಹಿಂದೆ ಮುಂದೆ ನೋಡಲಿಲ್ಲ, ಯಾರ ಜೊತೆ ಬಂದೆ ಎಂದು ಕೇಳಲಿಲ್ಲ.

"ರಾ ಅಮ್ಮಾಯಿ, ಒಳಗೆ ಬಾ. ಏನ್ ಬಿಸಿಲು, ಏನ್ ಕಥೆ! ಮೊದ್ಲು ನೀರು ಕುಡಿ. ಆ ಪೆಟ್ಟಿಗೆ ಎಲ್ಲಿಗೂ ಓಡಿ ಹೋಗಲ್ಲ."

ಅವಳು ರಾಜಲಕ್ಷ್ಮಮ್ಮ, ಮನೆಯ ಹಿರಿಯಳು. ಮಗ ಚೇತನ್ ಕುಮಾರ್ ಮಗ್ಗದಲ್ಲಿದ್ದ. ಕೂತಲ್ಲಿಂದಲೇ ಕೈಯೆತ್ತಿ ನಮಸ್ಕಾರ ಮಾಡಿ, ಮತ್ತೆ ಲಾಳಿ ಹೊಡೆದ. ಕಂಪ್ಯೂಟರ್ ಸೊಸೆಯದು. ಲಾವಣ್ಯ ಎಂದು ಹೆಸರು, ಇಪ್ಪತ್ತೈದು ಇಪ್ಪತ್ತಾರರ ಹುಡುಗಿ. ಮನೆಯಲ್ಲಿ ಎರಡು ಮಗ್ಗ. ಅಂಚು, ಸೆರಗಿನ ಚಿತ್ತಾರವನ್ನು ಅವಳು ಕಂಪ್ಯೂಟರಿನಲ್ಲಿ ಬರೆದು ಕೊಟ್ಟರೆ, ಮಗ್ಗದ ಮೇಲಿನ ಪೆಟ್ಟಿಗೆ ಅದನ್ನು ಓದಿ ಬೇಕಾದ ಎಳೆಗಳನ್ನಷ್ಟೇ ಎತ್ತುತ್ತದೆ. ಹಳೇ ವಿಂಡೋಸಿನಲ್ಲಿ ಡಿಸೈನಿನ ಹೊಸ ಸಾಫ್ಟ್‌ವೇರ್ ಓಡುವುದಿಲ್ಲ ಎಂದು ಇಷ್ಟೆಲ್ಲ ಶುರುವಾಗಿತ್ತು. ಒಂದು ಮಗ್ಗ ಆಗಲೇ ನಿಂತಿತ್ತು. ಇನ್ನೊಂದು, ಏರಿಸಿಟ್ಟ ಹಳೇ ಡಿಸೈನಿನ ಕೊನೆಯ ಸೀರೆ ಮುಗಿಸುತ್ತಿತ್ತು.

"ನಿನ್ನ ಡಿಸೈನೆಲ್ಲಾ ಬೇರೆ ಕಡೆ ಇಟ್ಕೊಂಡಿದೀಯಾ?" ಲೋಹಿತಾ ಮೊದಲು ಕೇಳಿದ್ದು ಅದನ್ನೇ.

"ಎಲ್ಲಾ ಐತಕ್ಕಾ, ಎಕ್ಸ್‌ಟರ್ನಲ್‌ನಾಗೆ. ಇದ್ರಲ್ಲಿರೋದು ಹೋದ್ರೆ ಹೋಗ್ಲಿ. ಕೆಲ್ಸ ನಡೀಬೇಕು ಅಷ್ಟೆ."

ಕಳೆದುಕೊಳ್ಳುವ ಭಯವಿಲ್ಲದ ಕೆಲಸ. ಅರ್ಧ ದಿನದಲ್ಲಿ ಮುಗಿಸಿ ಸಂಜೆ ಬಸ್ಸಿಗೆ ಹೊರಡಬಹುದು ಎಂದುಕೊಂಡು ಲೋಹಿತಾ ಪೆನ್‌ಡ್ರೈವ್ ಸಿಕ್ಕಿಸಿದಳು. ಡಿಸ್ಕಿನ ಭಾಗಗಳ ಪಟ್ಟಿ ಬಂತು. ಒಂದನ್ನು ಆರಿಸಿ ಫಾರ್ಮ್ಯಾಟ್ ಒತ್ತಿದಳು. ಕಂಪ್ಯೂಟರ್ ಒಂದು ಕ್ಷಣ ಯೋಚಿಸಿದ ಮೇಲೆ, ಈ ಭಾಗವನ್ನು ಫಾರ್ಮ್ಯಾಟ್ ಮಾಡಲಾಗಲಿಲ್ಲ ಎಂದು ಒಂದು ಸಾಲು, ಅದರ ಬಾಲಕ್ಕೆ ಉದ್ದನೆಯ ಒಂದು ಸಂಖ್ಯೆ ಮೂಡಿತು. ಎಲ್ಲ ಭಾಗಗಳನ್ನೂ ಅಳಿಸಿ ಹೊಸದಾಗಿ ಮಾಡಿದಳು. ಅದೇ ಸಾಲು. ಕಪ್ಪು ಪರದೆ ತೆರೆದು, ಒಂದೊಂದೇ ಆಜ್ಞೆ ಟೈಪ್ ಮಾಡಿ, ಡಿಸ್ಕನ್ನು ಬೋಳಾಗಿ ಒರೆಸಿ, ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಫಾರ್ಮ್ಯಾಟ್ ಮಾಡು ಎಂದಳು. ನೂರಕ್ಕೆ ಏಳು, ಎಂಟು, ಒಂಬತ್ತು ಎಂದು ಏರುತ್ತಾ ಹೋಗಿ, ಬರೆಯಲು ಆಗುತ್ತಿಲ್ಲ ಎಂದು ನಿಂತಿತು. ಮತ್ತೆ ಮಾಡಿದಳು. ಈ ಸಲ ಮೂರಕ್ಕೇ ನಿಂತಿತು. ಡಿಸ್ಕು ಒಂದೇ ಕಡೆ ಹಾಳಾಗಿದ್ದರೆ ಪ್ರತಿ ಸಲ ಅಲ್ಲೇ ನಿಲ್ಲಬೇಕು. ಇದು ಎಲ್ಲೆಂದರಲ್ಲಿ ಎಡವುತ್ತಿತ್ತು. ಪೆನ್‌ಡ್ರೈವ್ ಬದಲಾಯಿಸಿ ನೋಡಿದಳು, ಏನೂ ಆಗಲಿಲ್ಲ.

ಹೊತ್ತು ಹೋದದ್ದು ಅವಳಿಗೆ ತಿಳಿಯಲಿಲ್ಲ. ತಲೆ ಎತ್ತಿದಾಗ ರಾಜಲಕ್ಷ್ಮಮ್ಮ ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಳು.

"ಈ ಹೊತ್ನಾಗೆ ನಿಮ್ಮೂರಿಗೆ ಬಸ್ ಎಲ್ಲೈತಮ್ಮಾಯಿ? ಇಲ್ಲೇ ಇರು."

"ಬ್ಯಾಡಮ್ಮ, ಪಾವಗಡಕ್ಕೋಗಿ ಅಲ್ಲಿಂದ..."

"ಅಲ್ಲಿಂದ ಏನು? ಮನೇಲಿ ಕಾಯೋರು ಅವ್ರಾ?"

ಕೊಂಕು ಮಾತಲ್ಲ ಅದು, ಬರೀ ವಿಚಾರಣೆ. ಲೋಹಿತಾ ಕಾಫಿ ಲೋಟ ತೆಗೆದುಕೊಂಡಳು. "ಇಲ್ಲ" ಎಂದಳು.

"ಮತ್ತೇನು! ಲಾವಣ್ಯಾ, ಅಕ್ಕನಿಗೆ ಒಂದು ಒಗೆದ ಸೀರೆ ಕೊಡು."

ಹಣೆಯ ವಿಭೂತಿ ನೋಡಿ, ಕೇಳದೆಯೇ ಅವಳಿಗೆಂದು ಸೊಪ್ಪಿನ ಸಾರು ಮಾಡಿದರು. ಮನೆಯವರೂ ಅದನ್ನೇ ಉಂಡರು. ಊಟದ ಹೊತ್ತಿಗೆ ಚೇತನ್ ತಾಯಿಯನ್ನು ರೇಗಿಸುತ್ತಿದ್ದ, ತಾಯಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅವನಿಗೆ ಬಯ್ಯುತ್ತಿದ್ದಳು, ಲಾವಣ್ಯ ನಗು ತಡೆಯಲಾರದೆ ತಟ್ಟೆಗೆ ಮುಖ ಬಗ್ಗಿಸುತ್ತಿದ್ದಳು. ಲೋಹಿತಾ ಮೂರು ಸಲ ಅನ್ನ ಹಾಕಿಸಿಕೊಂಡಳು. ಮನೆಯಲ್ಲಿ ಅವಳು ಕುಕ್ಕರಿನಿಂದಲೇ ತಟ್ಟೆಗೆ ಬಡಿಸಿಕೊಂಡು, ಫೋನನ್ನು ಲೋಟಕ್ಕೆ ಒರಗಿಸಿಟ್ಟು ಉಣ್ಣುವವಳು.

ಮಲಗುವ ಮೊದಲು ಲಾವಣ್ಯ ತನ್ನ ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಸೀರೆಯ ಅಂಚು. ಹಳದಿ ಎಸಳು, ಅದರೊಳಗೆ ಕೆಂಪು ಗೆರೆ, ಸಣ್ಣ ಸಣ್ಣ ಗೊಂಚಲು.

"ಇದು ಯಾವ ಹೂವು?"

"ಹುಣಸೆ ಹೂವಕ್ಕಾ. ಎಲ್ರೂ ನವಿಲು, ಮಾವಿನಕಾಯಿ ಹಾಕ್ತಾರೆ. ನಮ್ಮ ಓಣಿ ತುಂಬ ಹುಣಸೆ ಮರ ಐತೆ, ಅದ್ರ ಹೂವ ಯಾರೂ ನೋಡಿಲ್ಲ. ಧರ್ಮಾವರದ ಸಾವುಕಾರ್ರು ನೋಡಿ ಭಾಳ ಇಷ್ಟಪಟ್ರು. ಸ್ಯಾಂಪಲ್ ನೇಯ್ದು ತೋರಿಸಿ ಅಂದವ್ರೆ. ಇದೇ ಫಸ್ಟು, ನನ್ನ ಸ್ವಂತದ್ದು ಒಬ್ರು ಕೇಳಿರೋದು."

"ಚೆಂದಾಗೈತೆ" ಎಂದಳು ಲೋಹಿತಾ. ಯಾವಾಗ ತೋರಿಸಬೇಕು ಎಂದು ಅವಳು ಕೇಳಲಿಲ್ಲ.

ಮರುದಿನ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಭೀಮರಾಜು ಹೊಸ ಡಿಸ್ಕು ಕಳಿಸಿದ್ದ. ಲೋಹಿತಾ ಹಳೆಯದನ್ನು ಬಿಚ್ಚಿ ಅದನ್ನು ಹಾಕಿದಳು. ಅದೂ ಐದಕ್ಕೆ ನಿಂತಿತು. ಅವಳು ಬೆವರು ಒರೆಸಿಕೊಂಡು ಕೂತಳು. ಡಿಸ್ಕಿನ ತಪ್ಪಲ್ಲ ಎಂದಾಯಿತು. ಮೆಮೊರಿ ಕಿತ್ತು ಬೇರೆಯದು ಹಾಕಿ ನೋಡಿದಳು, ಸೆಟ್ಟಿಂಗ್ ಬದಲಾಯಿಸಿ ನೋಡಿದಳು. ಎಡವುವುದು ನಿಲ್ಲಲಿಲ್ಲ. ಬೋರ್ಡೇ ಹೋಗಿರಬೇಕು ಎಂದುಕೊಂಡು, ಹೊಸದನ್ನು ಹಾಳುಮಾಡುವುದು ಬೇಡವೆಂದು ಹಳೇ ಡಿಸ್ಕನ್ನೇ ಮತ್ತೆ ಸಿಕ್ಕಿಸಿ, ಕೊನೆಗೊಂದು ಸಲ ನೋಡೋಣ ಎಂದು ನಿಧಾನದ ಫಾರ್ಮ್ಯಾಟಿಗೆ ಬಿಟ್ಟಳು. ಅದೇ ಹೊತ್ತಿಗೆ ಚೇತನ್ ಕೊನೆಯ ಸೀರೆ ಮುಗಿಸಿ ಮಗ್ಗದಿಂದ ಎದ್ದ. ನೂಲು ತರಬೇಕೆಂದು ಬೈಕ್ ಹತ್ತಿ ಪಾವಗಡದ ಕಡೆ ಹೋದ.

ಊಟವಾಯಿತು. ರಾಜಲಕ್ಷ್ಮಮ್ಮ ಅವಳ ಮನೆಯ ಕಥೆ ಕೇಳಿದಳು, ಇವಳು ಹೇಳಿದಳು. ತಂದೆಯ ಟೈಪ್‌ರೈಟರು, ತಾಯಿ ಕೊನೆಯ ದಿನಗಳಲ್ಲಿ ಬರೀ ಮಜ್ಜಿಗೆ ಕೇಳುತ್ತಿದ್ದದ್ದು, ಯಾರಿಗೂ ಹೇಳದಿದ್ದದ್ದೆಲ್ಲ ಬಂತು. ಒಂದು ಮಾತಿಗೂ ಗಂಟಲು ಕಟ್ಟಲಿಲ್ಲ.

ತಿರುಗಿ ಬಂದು ಪರದೆ ನೋಡಿದರೆ ಅಂಕೆ ನೂರಕ್ಕೆ ಮುಟ್ಟಿತ್ತು. ಫಾರ್ಮ್ಯಾಟ್ ಮುಗಿದಿತ್ತು.

ಲೋಹಿತಾ ಹಾಗೇ ನಿಂತಳು. ಏನು ಬದಲಾಯಿತು? ಮನೆ ನಿಶ್ಶಬ್ದವಾಗಿತ್ತು. ಬದಲಾದದ್ದು ಅದೊಂದೇ. ಅವಳು ಬಗ್ಗಿ, ಕಂಪ್ಯೂಟರ್ ಪೆಟ್ಟಿಗೆ ಇಟ್ಟಿದ್ದ ಹಲಗೆಯನ್ನು ನೋಡಿದಳು. ಅದರ ಒಂದು ತುದಿ ಗೋಡೆಯ ಗೂಡಿನಲ್ಲಿತ್ತು, ಇನ್ನೊಂದು ತುದಿ ಮಗ್ಗದ ಮರದ ಮೇಲೇ ಕೂತಿತ್ತು. ನೇಯುವಾಗಿನ ಒಂದೊಂದು ಹೊಡೆತವೂ ಪೆಟ್ಟಿಗೆಗೆ ತಗಲುತ್ತಿತ್ತು. ಟಾರ್ಚು ಹಿಡಿದು ಒಳಗೆ ಕೈಹಾಕಿ, ಡಿಸ್ಕಿಗೂ ಬೋರ್ಡಿಗೂ ನಡುವಿನ ಕೆಂಪು ಕೇಬಲ್ಲನ್ನು ಬೆರಳ ತುದಿಯಿಂದ ಸ್ವಲ್ಪ ಅಲುಗಿಸಿದಳು. ಪರದೆಯಿಂದ ಡಿಸ್ಕು ಮಾಯವಾಯಿತು. ಬಿಟ್ಟಳು, ಬಂತು. ಹಿಡಿಕೆ ಸವೆದು ಕೇಬಲ್ ಸಡಿಲವಾಗಿತ್ತು. ಮಗ್ಗ ಅಲುಗಿದಾಗಲೆಲ್ಲ ಒಂದು ರೆಪ್ಪೆ ಹೊಡೆಯುವಷ್ಟು ಹೊತ್ತು ಸಂಪರ್ಕ ತಪ್ಪುತ್ತಿತ್ತು. ಆಗಲೇ ಬರವಣಿಗೆ ತುಂಡಾಗುತ್ತಿತ್ತು.

ಅಂಥ ಕೇಬಲ್ ಅವಳ ಬ್ಯಾಗಿನಲ್ಲಿ ಎರಡು ಇದ್ದವು. ಬದಲಾಯಿಸಿ, ಹಲಗೆಯ ತುದಿಯನ್ನು ಮಗ್ಗದಿಂದ ಬಿಡಿಸಿ ಒಂದು ಸ್ಟೂಲಿನ ಮೇಲಿಟ್ಟರೆ ಆಯಿತು. ಕತ್ತಲಾಗುವುದರೊಳಗೆ ವಿಂಡೋಸ್ ಹತ್ತುತ್ತದೆ, ಸಂಜೆಯ ಬಸ್ಸು ಸಿಗುತ್ತದೆ, ರಾತ್ರಿ ಊಟದ ಹೊತ್ತಿಗೆ ಮಧುಗಿರಿ.

"ಅಕ್ಕಾ!" ಹಿತ್ತಿಲಿನಿಂದ ಲಾವಣ್ಯ ಕೂಗಿದಳು. "ಬಿತ್ತನೆ ಕಡ್ಲೆಕಾಯಿ ಸುಲಿತಾ ಇದೀವಿ. ಅದು ಮಾಡ್ಕೊಳ್ಳೋದು ಮಾಡ್ಕೊಳ್ಲಿ, ನೀವು ಬನ್ನಿ ಇಲ್ಲಿ."

ಲೋಹಿತಾ ಬ್ಯಾಗಿನ ಜಿಪ್ ತೆರೆದಿದ್ದಳು. ಕೇಬಲ್ಲನ್ನು ಕೈಗೂ ತೆಗೆದುಕೊಂಡಿದ್ದಳು. ಅದನ್ನು ಮತ್ತೆ ಒಳಗಿಟ್ಟು ಜಿಪ್ ಎಳೆದಳು. ಪರದೆ ಆರಿಸಿ ಹಿತ್ತಿಲಿಗೆ ನಡೆದಳು.

"ಆಯ್ತಾ?" ಎಂದಳು ರಾಜಲಕ್ಷ್ಮಮ್ಮ.

"ಇಲ್ಲಮ್ಮ. ಇನ್ನೂ ಗೊತ್ತಾಗ್ತಿಲ್ಲ."

ಹೇಳಿದವಳೇ ಒಮ್ಮೆ ಕೋಣೆಯ ಕಡೆ ತಿರುಗಿ ನೋಡಿದಳು. ಆದರೆ ಅವರಿಬ್ಬರೂ ಸರಿದು ಕೂತು ಜಾಗ ಮಾಡಿಕೊಟ್ಟಿದ್ದರು, ಮುಂದೆ ಕಾಯಿಯ ರಾಶಿ ಇತ್ತು. ಕೂತಳು. ಕಾಯಿಯ ಮೂತಿ ಹಿಚುಕಿ, ಬೀಜದ ಸಿಪ್ಪೆ ಹರಿಯದಂತೆ ತೆಗೆಯುವುದನ್ನು ರಾಜಲಕ್ಷ್ಮಮ್ಮ ತೋರಿಸಿಕೊಟ್ಟಳು. ಸ್ವಲ್ಪ ಹೊತ್ತಿಗೆ ಬೆರಳು ನೋಯತೊಡಗಿತು, ಆ ನೋವೂ ಹಿತವಾಗಿತ್ತು. ಪಕ್ಕದ ಮನೆಯ ಕೋಳಿ ಬಂದು ಬೀಜ ಕದಿಯುತ್ತಿತ್ತು. ಲಾವಣ್ಯ ಚಪ್ಪಲಿ ಎಸೆದಳು, ಚಪ್ಪಲಿ ಹೋಗಿ ನೀರಿನ ತೊಟ್ಟಿಗೆ ಬಿತ್ತು. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಸಂಜೆ ರಾಜಲಕ್ಷ್ಮಮ್ಮ ಸೊಸೆಗೆ ತಲೆಗೆಣ್ಣೆ ಹಾಕಿದಳು. ಮುಗಿದ ಮೇಲೆ, "ನೀನೂ ಬಾ" ಎಂದಳು.

"ಅಯ್ಯೋ, ನನಗ್ಯಾಕಮ್ಮ."

"ಕೂದ್ಲು ನೋಡು, ಒಣಗಿದ ಹುಲ್ಲಾದಂಗೆ ಆಗೈತೆ. ಕೂತ್ಕೋ."

ಲೋಹಿತಾ ಮೆಟ್ಟಿಲ ಮೇಲೆ ಅವಳ ಮೊಣಕಾಲುಗಳ ನಡುವೆ ಕೂತಳು. ಬೆಚ್ಚಗಿನ ಎಣ್ಣೆ ನೆತ್ತಿಗೆ ಬಿತ್ತು. ಆ ದಪ್ಪ ಬೆರಳುಗಳು ಕೂದಲು ಸೀಳಿಕೊಂಡು ತಿಕ್ಕತೊಡಗಿದಾಗ ಅವಳು ಕಣ್ಣು ಮುಚ್ಚಿದಳು. ತಾಯಿ ಹಾಸಿಗೆ ಹಿಡಿದ ಮೇಲೆ ಅವಳ ತಲೆ ಮುಟ್ಟಿದವರು ಯಾರೂ ಇರಲಿಲ್ಲ. ಕಣ್ಣು ತುಂಬಿ ಬಂದದ್ದು ಹಿಂದೆ ಕೂತವಳಿಗೆ ಕಾಣುವಂತಿರಲಿಲ್ಲ, ಅದೇ ಒಳ್ಳೆಯದಾಯಿತು. ನಾಳೆ ಬೆಳಗ್ಗೆ ಎದ್ದ ತಕ್ಷಣ ಮಾಡಿಬಿಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಒಂದು ರಾತ್ರಿಯಿಂದ ಯಾರಿಗೆ ಏನು ನಷ್ಟ?

ಬೆಳಗ್ಗೆ ಅವಳನ್ನು ಎಬ್ಬಿಸಿದ್ದು ಚೇತನನ ಮಾತು. ಪಡಸಾಲೆಯಲ್ಲಿ ನಿಂತು ಫೋನಿನಲ್ಲಿ ತೆಲುಗಿನಲ್ಲಿ ಬೇಡಿಕೊಳ್ಳುತ್ತಿದ್ದ. ಪೂರ್ತಿ ಅರ್ಥವಾಗದಿದ್ದರೂ, ಇವತ್ತು ಆಗುವುದಿಲ್ಲ, ಇನ್ನೆರಡು ದಿನ ಕೊಡಿ ಅನ್ನುತ್ತಿದ್ದಾನೆಂದು ತಿಳಿಯಿತು. ಆಮೇಲೆ "ಸರೇ ಅಣ್ಣಾ, ಸರೇ" ಎಂದು ಇಟ್ಟ. ಅಡುಗೆಮನೆಯ ಬಾಗಿಲಲ್ಲಿ ಲಾವಣ್ಯ ನಿಂತಿದ್ದಳು.

"ಏನಂದ್ರು?"

"ಇವತ್ತು ಮಧ್ಯಾಹ್ನದೊಳಗೆ ಬಟ್ಟೆ ಮೇಲೆ ನೋಡ್ಬೇಕಿತ್ತಂತೆ. ಅವ್ರ ಪಾರ್ಟಿ ಬರ್ತಾರಂತೆ. ಬೇರೆಯೋರ ಡಿಸೈನ್ ಒಪ್ಕೊಂಬುಟ್ರು." ಅವನು ಹೆಂಡತಿಯ ಮುಖ ನೋಡಲಿಲ್ಲ. "ನಿನ್ನೆ ರಾತ್ರಿ ಆಗಿದ್ರೂ ಒಂದು ಮೊಳ ನೇಯ್ದು ತಗೊಂಡೋಗ್ತಿದ್ದೆ. ಹೋಗ್ಲಿ ಬುಡು."

ಲಾವಣ್ಯ ಅಳಲಿಲ್ಲ. ಒಲೆಯ ಮೇಲಿನ ಹಾಲು ಉಕ್ಕುವವರೆಗೂ ಹಾಗೇ ನಿಂತಿದ್ದಳು. ಲೋಹಿತಾಳನ್ನು ಕಂಡು, "ನೀವು ಎದ್ರಾ ಅಕ್ಕಾ, ಕಾಫಿ ತಂದೆ" ಎಂದಳು. ಆ ಸೌಜನ್ಯವನ್ನು ಲೋಹಿತಾಳಿಗೆ ಸಹಿಸಲಾಗಲಿಲ್ಲ.

ಮುಖ ತೊಳೆದವಳೇ ಕೆಲಸಕ್ಕೆ ಕೂತಳು. ಕೆಂಪು ಕೇಬಲ್ ಕಿತ್ತು ಹೊಸದು ಹಾಕಿದಳು. ಹಲಗೆಯ ತುದಿಯನ್ನು ಮಗ್ಗದಿಂದ ಬಿಡಿಸಿ ಸ್ಟೂಲಿನ ಮೇಲಿಟ್ಟಳು. "ಚೇತನ್, ಖಾಲಿ ಮಗ್ಗಾನೇ ಒಂದಷ್ಟು ಹೊತ್ತು ಹೊಡೀತಾ ಇರಿ" ಎಂದಳು. ಅವನು ಹೊಡೆದ, ನೆಲ ಅದುರಿತು, ಫಾರ್ಮ್ಯಾಟ್ ಅಲುಗದೆ ಮುಗಿಯಿತು. ವಿಂಡೋಸ್ ಕೂತಿತು. ಡಿಸೈನಿನ ಸಾಫ್ಟ್‌ವೇರ್ ಹತ್ತಿತು. ಲಾವಣ್ಯ ತನ್ನ ಡಿಸ್ಕು ತಂದು ಸಿಕ್ಕಿಸಿ, ಹುಣಸೆ ಹೂವಿನ ಅಂಚನ್ನು ತೆರೆದಳು. ಪರದೆ ತುಂಬ ಹಳದಿ ಹರಡಿತು.

"ಇಷ್ಟು ಬೇಗ ಆಗೋಯ್ತಾ!" ಎಂದ ಚೇತನ್, ಅಚ್ಚರಿಯಿಂದ. ಆಮೇಲೆ ಹೊಸ ಸೀರೆಯ ಹಾಸಿನ ಎಳೆಗಳನ್ನು ಸರಿಮಾಡಲು ಹೊರಗೆ ಹೋದ.

ಕೋಣೆಯಲ್ಲಿ ಅವರಿಬ್ಬರೇ ಉಳಿದರು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಲೋಹಿತಾ ಬ್ಯಾಗ್ ಜೋಡಿಸುತ್ತಿದ್ದವಳು ನಿಲ್ಲಿಸಿದಳು.

"ಲಾವಣ್ಯಾ, ಇದು ನಿನ್ನೆ ಮಧ್ಯಾಹ್ನಾನೇ ನಂಗೆ ಗೊತ್ತಾಗಿತ್ತು."

"ಯಾವುದಕ್ಕಾ?"

"ಕೇಬಲ್ ಹೋಗಿರೋದು. ಆವಾಗ್ಲೇ ಸರಿ ಮಾಡ್ಬೋದಿತ್ತು. ಮಾಡ್ಲಿಲ್ಲ."

ಲಾವಣ್ಯ ತಿರುಗಿ ನೋಡಿದಳು. ತಮಾಷೆಯೋ ಏನೋ ಎಂದು ಮುಖದಲ್ಲಿ ಹುಡುಕಿದಳು.

"ಯಾಕೆ?"

ಲೋಹಿತಾ ಕಿತ್ತಿಟ್ಟಿದ್ದ ಹಳೇ ಕೇಬಲ್ಲನ್ನು ಕೈಗೆತ್ತಿಕೊಂಡಳು. "ನಿಮ್ಮನೇಲಿ ಇನ್ನೊಂದು ದಿನ ಇರಾಣ ಅನ್ನಿಸ್ತು. ಇವತ್ತು ಕೊಡ್ಬೇಕಾಗಿತ್ತು ಅಂತ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ."

ಲಾವಣ್ಯ ಮೌಸಿನ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಇರ್ಬೇಕು ಅನ್ನಿಸಿದ್ರೆ ಸಿಸ್ಟಮ್ ಸರಿ ಮಾಡ್ಬುಟ್ಟು ಇರ್ಬೋದಿತ್ತಲ್ಲಕ್ಕಾ" ಎಂದಳು. ದನಿ ಏರಲಿಲ್ಲ. "ನಮ್ಮತ್ತೆ ಬ್ಯಾಡ ಅಂತಿದ್ರಾ? ನಾನು ಅಂತಿದ್ನಾ?"

ಆಮೇಲೆ ಪರದೆಯ ಕಡೆ ತಿರುಗಿಕೊಂಡಳು.

ಅದು ಲೋಹಿತಾಳಿಗೆ ನಿಜವಾಗಿಯೂ ಹೊಳೆದಿರಲಿಲ್ಲ. ಎಷ್ಟೋ ವರ್ಷಗಳಿಂದ ಅವಳು ಒಬ್ಬರ ಮನೆಯೊಳಗೆ ಕಾಲಿಟ್ಟದ್ದು ಏನಾದರೂ ಕೆಟ್ಟಾಗ ಮಾತ್ರ. ಸರಿಯಾದ ಮೇಲೂ ಅಲ್ಲಿ ಕೂತಿರಬಹುದು, ಇನ್ನೊಂದು ದಿನ ಇರುತ್ತೇನೆ ಎಂದು ಬಾಯಿಬಿಟ್ಟು ಕೇಳಬಹುದು ಎಂಬುದು ಅವಳ ಲೆಕ್ಕದಲ್ಲೇ ಇರಲಿಲ್ಲ.

ಸೊಸೆ ಅತ್ತೆಗೆ ಏನೂ ಹೇಳಲಿಲ್ಲವೆಂದು ಕಾಣುತ್ತದೆ. ರಾಜಲಕ್ಷ್ಮಮ್ಮ ಹೊರಡುವವಳ ಹಣೆಗೆ ಕುಂಕುಮವಿಟ್ಟು, ರವಿಕೆಯ ಕಣ, ಎಲೆ ಅಡಿಕೆ, ಒಂದು ಚೀಲ ಕಡ್ಲೆಕಾಯಿ ಕೊಟ್ಟಳು. "ಮತ್ತೆ ಬಾ ಅಮ್ಮಾಯಿ" ಎಂದಳು. ಆದರೆ ಮಾತಿನ ನಡುವೆಯೇ ಮಗ ಒಳಗಿನಿಂದ ಎಳೆ ಹಿಡಿಯಲು ಕರೆದ, ಅವಳು "ವಸ್ತಾನುರಾ, ಬಂದೆ" ಎನ್ನುತ್ತಾ ಒಳಗೆ ಓಡಿದಳು. ನಿಂತಿದ್ದ ಮಗ್ಗವೂ ಹೊರಡುವುದರಲ್ಲಿತ್ತು. ಎರಡು ದಿನದ ಬಿಡುವು ಮುಗಿದಿತ್ತು, ಮನೆಯಲ್ಲಿ ಯಾರಿಗೂ ಕೂತು ಮಾತಾಡುವ ಪುರಸೊತ್ತಿರಲಿಲ್ಲ. ಲಾವಣ್ಯ ಹೊರಗೆ ಬರಲಿಲ್ಲ. ಲೋಹಿತಾ ಚಪ್ಪಲಿ ಮೆಟ್ಟಿಕೊಂಡು ಸ್ವಲ್ಪ ಹೊತ್ತು ನಿಂತಳು, ಆಮೇಲೆ ಬಸ್ಸಿನ ಕಡೆ ನಡೆದಳು. ಓಣಿಯಲ್ಲಿ ಹುಣಸೆ ಮರಗಳು ಹೂ ಬಿಟ್ಟಿದ್ದವು. ನೆಲದ ಮೇಲೆ ಉದುರಿದ್ದನ್ನು ತುಳಿಯದೆ ನಡೆಯಲು ದಾರಿಯಿರಲಿಲ್ಲ.

ಬಸ್ಸಿನಲ್ಲಿ ತಲೆಯ ಎಣ್ಣೆಯ ವಾಸನೆ ಮಧುಗಿರಿಯವರೆಗೂ ಅವಳ ಜೊತೆ ಬಂತು. ಮನೆಗೆ ಹೋದವಳೇ ತಲೆಗೆ ನೀರು ಹಾಕಿಕೊಂಡಳು.

ಆ ಮೇಲೆ ಅವಳು ದೂರದ ಊರಿನ ಕೆಲಸ ಒಪ್ಪಿಕೊಳ್ಳುವುದನ್ನು ಕಡಿಮೆ ಮಾಡಿದಳು. ಹೋದರೂ ಅದೇ ದಿನ ವಾಪಸ್ಸು. ಒಮ್ಮೆ ತಾವರೆಕೆರೆಯಲ್ಲಿ ಒಬ್ಬರು, ಊಟ ಮಾಡಿಕೊಂಡೇ ಹೋಗಬೇಕೆಂದು ಬಾಗಿಲಿಗೆ ಅಡ್ಡ ನಿಂತರು. ಇವಳು ಹೊಟ್ಟೆ ಸರಿಯಿಲ್ಲ ಎಂದು ಸುಳ್ಳು ಹೇಳಿ ಬಂದಳು. ಭೀಮರಾಜು ಕೇಳಿದ, "ಏನ್ ಮೇಡಂ, ಹೊಸಕೋಟೆಯೋರು ನಿಮ್ಮನ್ನ ಅಷ್ಟು ಹೊಗಳ್ತಾವ್ರೆ, ನೀವು ಆ ಕಡೆ ತಲೆನೇ ಹಾಕಲ್ಲ?" ಹೊಗಳುತ್ತಿರುವುದು ಅತ್ತೆಯೋ ಸೊಸೆಯೋ ಎಂದು ಕೇಳಬೇಕೆನ್ನಿಸಿತು, ಕೇಳಲಿಲ್ಲ. ಅವನೇ ಮುಂದುವರಿಸಿದ. ಆ ಹುಡುಗಿಯ ಯಾವುದೋ ಹೂವಿನ ಡಿಸೈನನ್ನು ಹಿಂದೂಪುರದ ಕಡೆಯವರು ತೆಗೆದುಕೊಂಡಿದ್ದಾರಂತೆ. ಧರ್ಮಾವರದವರಷ್ಟು ದೊಡ್ಡ ಕುಳವಲ್ಲ, ಆದರೂ ನೇಯ್ಗೆ ನಡೆದಿದೆ ಎಂದ. ಲೋಹಿತಾ ಆ ದಿನ ಸಂಜೆ ಅಂಗಡಿ ಮುಚ್ಚಿ ಬೆಟ್ಟದ ಬುಡದವರೆಗೆ ನಡೆದು ಹೋಗಿ ಬಂದಳು. ಮನಸ್ಸು ಹಗುರವಾಯಿತು ಎನ್ನಲು ಬಾರದು. ಕಾಲು ಮಾತ್ರ ನೊಂದಿತು.

ಕಾರ್ತಿಕದಲ್ಲಿ ಒಂದು ಭಾನುವಾರ ಮಧ್ಯಾಹ್ನ ಫೋನ್ ಬಂತು. ಲಾವಣ್ಯಳ ಹೆಸರು ನೋಡಿ ಲೋಹಿತಾ ಕೆಮ್ಮಿ ಗಂಟಲು ಸರಿಮಾಡಿಕೊಂಡು ಎತ್ತಿದಳು.

"ಅಕ್ಕಾ, ಸಿಸ್ಟಮ್ ಅಪ್‌ಡೇಟ್ ಕೇಳ್ತಾ ಐತೆ. ಮಾಡ್ಲಾ ಬ್ಯಾಡ್ವಾ? ಮಾಡಿದ್ರೆ ಡಿಸೈನ್ ಸಾಫ್ಟ್‌ವೇರ್‌ಗೆ ಏನಾದ್ರೂ ಆಗ್ತದಾ?"

"ಈಗ್ಲೇ ಮಾಡ್ಬೇಡ. ಮೊದ್ಲು ಡಿಸೈನೆಲ್ಲಾ ಹೊರಗಡೆ ಕಾಪಿ ಮಾಡ್ಕೋ. ಮಗ್ಗ ಓಡ್ತಿಲ್ದಿದ್ದಾಗ, ನಾಳೆನೋ ನಾಡಿದ್ದೋ ಮಾಡು. ಪರದೆ ಎರಡು ಸಲ ಕಪ್ಪಾಗ್ತದೆ, ಹೆದರ್ಕೊಂಡು ಸ್ವಿಚ್ ಆರಿಸ್ಬೇಡ."

"ಕೇಬಲ್?"

"ಅದು ಗಟ್ಟಿಯಾಗೇ ಇರ್ತದೆ. ಸ್ಟೂಲ್ ತೆಗೆದಿಲ್ಲ ತಾನೆ?"

"ಇಲ್ಲ. ಅಲ್ಲೇ ಐತೆ."

ಮಾತು ಅಲ್ಲಿಗೆ ಮುಗಿಯಿತು. ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆಯಿಂದ ಮಗ್ಗದ ಸದ್ದು ಕೇಳುತ್ತಿತ್ತು, ಯಾರೋ ದೂರದಿಂದ ಏನೋ ಕೂಗಿದರು. ಲಾವಣ್ಯ ಫೋನಿಗೆ ಕೈ ಅಡ್ಡ ಹಿಡಿದು "ಆ, ಅವ್ರೇ" ಎಂದದ್ದು ಮಸುಕಾಗಿ ಕೇಳಿಸಿತು.

"ನಮ್ಮತ್ತೆ ಕೇಳ್ತಾವ್ರೆ, ಊಟ ಆಯ್ತಾ ಅಂತ."

"ಆಯ್ತು ಅನ್ನಮ್ಮ" ಎಂದಳು ಲೋಹಿತಾ.

"ಸರಿ ಅಕ್ಕಾ. ಇಡ್ಲಾ?"

"ಇಡು."

ಊಟ ಆಗಿರಲಿಲ್ಲ. ಅವಳು ಎದ್ದು ಒಳಗೆ ಹೋಗಿ, ಒಂದು ಪಾವು ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು.